ಸಣ್ಣಕ್ಷರದಲ್ಲಿ ಬಂದ ವರ್ಗ

ಹಣಕೋಣದ ನಮ್ಮ ಮನೆಯ ಜಗಲಿಯಲ್ಲಿ ಕೂತು, ಬಿ.ಎಸ್ಸಿ. ಓದುವ ತಂಗಿಯ ಮಗಳು ಕೇಳಿದ್ದು ಇಷ್ಟೇ: "ವರ್ಗ ಯಾಕೆ ಮಾಮಾ?" ಅವಳ ಪಠ್ಯಪುಸ್ತಕದಲ್ಲಿ ತರಂಗಫಲನಕ್ಕೆ ಅರ್ಧ ಪುಟ. ಅದಕ್ಕೆ 'ಸೈ' ಎಂಬ ಗ್ರೀಕ್ ಅಕ್ಷರ. ಸೈಯ ವರ್ಗ ತೆಗೆದರೆ ಎಲೆಕ್ಟ್ರಾನ್ ಅಲ್ಲಿ ಸಿಗುವ ಸಂಭವನೀಯತೆ. ಅಲ್ಲಿಗೆ ಪಾಠ ಮುಗಿಯಿತು. ವರ್ಗವೇ ಯಾಕೆ, ಘನ ಯಾಕಲ್ಲ, ಇದ್ದ ಹಾಗೇ ಯಾಕಲ್ಲ ಎಂಬ ಚಕಾರವಿಲ್ಲ. ಅವಳೇ ಒಂದು ಹೋಲಿಕೆ ಕಟ್ಟಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು: "ನಮ್ಮ ಸಾತೇರಿ ದೇವಿ ಗುಡಿ ಇದ್ದ ಹಾಗೆ. ವರ್ಷಕ್ಕೆ ಏಳು ದಿನ ಬಾಗಿಲು ತೆಗೀತಾರೆ. ಉಳಿದ ದಿನ ಒಳಗಿರೋದು ನಮಗೆ ಕಾಣೋದಿಲ್ಲ, ಅಷ್ಟೇ." ಚೆಂದದ ಹೋಲಿಕೆ. ಸರಿಯೋ ತಪ್ಪೋ ಹೇಳುವ ಧೈರ್ಯ ನನಗಾಗಲಿಲ್ಲ. ಮೊದಲು ವರ್ಗದ ಮೂಲ ಹುಡುಕೋಣ ಎಂದೆ.

ಮೂಲಪುರುಷ ಯಾರೆಂಬುದರಲ್ಲಿ ತಕರಾರಿಲ್ಲ. ಗಟಿಂಗೆನ್‌ನಲ್ಲಿದ್ದ ಮ್ಯಾಕ್ಸ್ ಬಾರ್ನ್; ಇಸವಿ 1926. ಮುಂದೆ ಹಿಟ್ಲರನ ಆಳ್ವಿಕೆಯಲ್ಲಿ ಕೆಲಸ ಕಳೆದುಕೊಂಡ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. ಮರುವರ್ಷದವರೆಗೆ ಕೆಲವು ತಿಂಗಳು ಅವರು ಅಲ್ಲೇ ಇದ್ದರು. ಹಾಗಾಗಿ ಹತ್ತಿರದ ದಾರಿಯನ್ನೇ ಮೊದಲು ಹಿಡಿದೆ. ಭಾರತೀಯ ವಿಜ್ಞಾನ ಅಕಾಡೆಮಿಯ ಆ ಕಾಲದ ಸಂಪುಟಗಳಲ್ಲಿ ಅವರ ಹೆಸರು ಸಿಕ್ಕಿತು. 137 ಎಂಬ ನಿಗೂಢ ಸಂಖ್ಯೆಯ ಬಗ್ಗೆ ಒಂದು ಬರಹ; ಎನ್.ಎಸ್. ನಾಗೇಂದ್ರನಾಥರ ಜೊತೆ ಸೇರಿ ಬೆಳಕಿನ ನ್ಯೂಟ್ರಿನೊ ಸಿದ್ಧಾಂತದ ಬಗ್ಗೆ ಇನ್ನೊಂದು. ಎರಡೂ ಬೇರೆಯೇ ಒಗಟುಗಳು. ವರ್ಗದ ಜಾತಕ ಅಲ್ಲಿರಲಿಲ್ಲ.

ಎರಡನೆಯ ಸಾಕ್ಷಿ ಬಾರ್ನ್ ಅವರ ಬಾಯಿಂದಲೇ ಬಂದದ್ದು: 1954ರ ಡಿಸೆಂಬರ್ 11ರ ನೊಬೆಲ್ ಉಪನ್ಯಾಸ. ತನಗೆ ದಾರಿ ತೋರಿದ್ದು ಐನ್‌ಸ್ಟೈನ್ ಅವರ ಯೋಚನೆ ಎಂದು ಅಲ್ಲಿ ಹೇಳುತ್ತಾರೆ. ಬೆಳಕಿನ ಅಲೆಯ ಎತ್ತರದ ವರ್ಗವನ್ನು ಬೆಳಕಿನ ಕಣ ಸಿಗುವ ಸಂಭವನೀಯತೆಯೆಂದು ಐನ್‌ಸ್ಟೈನ್ ಓದಿದ್ದರು. ಅದನ್ನೇ ಸೈಗೂ ಅನ್ವಯಿಸಿದರೆ ಆಯಿತು. ಫೈಲು ಇಲ್ಲಿಗೇ ಮುಚ್ಚಬಹುದಿತ್ತು. ಆದರೆ ಇದು ಇಪ್ಪತ್ತೆಂಟು ವರ್ಷದ ನಂತರದ ನೆನಪು. ನೆನಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ತಿರುವುಗಳನ್ನು ನೇರ ಮಾಡಿಬಿಡುತ್ತದೆ. ಮೂಲ ಲೇಖನ ನೋಡಲೇಬೇಕಿತ್ತು.

ಆ ಲೇಖನ ಪತ್ರಿಕೆಯ ಕೈಸೇರಿದ್ದು 1926ರ ಜೂನ್ 25ಕ್ಕೆ. ಐದೇ ಪುಟ. ಪರಮಾಣುವಿಗೆ ಬಡಿದ ಎಲೆಕ್ಟ್ರಾನ್ ಯಾವ ದಿಕ್ಕಿಗೆ ಚದುರುತ್ತದೆ ಎಂಬುದು ವಿಷಯ. ಚದುರಿದ ಅಲೆಯಲ್ಲಿ ಒಂದು ಪರಿಮಾಣ ಬರುತ್ತದೆ; ಎಲೆಕ್ಟ್ರಾನ್ ಆ ದಿಕ್ಕಿಗೆ ಹೋಗುವ ಸಂಭವನೀಯತೆಯನ್ನು ನಿರ್ಧರಿಸುವುದು ಅದೇ ಎಂದು ಬಾರ್ನ್ ಬರೆಯುತ್ತಾರೆ. ನನ್ನ ಅರೆಬರೆ ಜರ್ಮನ್ನಿನಲ್ಲಿ ಆ ವಾಕ್ಯವನ್ನು ಮೂರು ಸಲ ಓದಿದೆ. ವರ್ಗವಿಲ್ಲ! ಪಕ್ಕದಲ್ಲೊಂದು ಗುರುತು ಮಾತ್ರ. ಕಣ್ಣು ಪುಟದ ಬುಡಕ್ಕೆ ಇಳಿಯಿತು. ಕರಡು ತಿದ್ದುವಾಗ ಸೇರಿಸಿದ ಅಡಿಟಿಪ್ಪಣಿ: ಇನ್ನಷ್ಟು ಜಾಗ್ರತೆಯಿಂದ ನೋಡಿದರೆ ಸಂಭವನೀಯತೆಯು ಆ ಪರಿಮಾಣದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಸಾರ. ಇಂದು ಪ್ರತಿ ವಿದ್ಯಾರ್ಥಿ ಬಾಯಿಪಾಠ ಮಾಡುವ ನಿಯಮ ಅಚ್ಚಿಗೆ ಹೋಗುವ ಹೊತ್ತಿನಲ್ಲಿ ಸಣ್ಣಕ್ಷರದಲ್ಲಿ ಬಂದು ಸೇರಿತ್ತು.

ಈಗ ಎರಡು ಸಾಕ್ಷಿಗಳಿಗೆ ಹೊಂದಾಣಿಕೆಯಿಲ್ಲ. ವರ್ಗದ ದಾರಿ ಮೊದಲೇ ಕಂಡಿದ್ದರೆ ಮೂಲ ವಾಕ್ಯದಲ್ಲಿ ಅದು ತಪ್ಪಿದ್ದೇಕೆ? ಅವಸರದ ಕೈತಪ್ಪೇ? ಅಥವಾ 1954ರ ನೆನಪು ಎರಡು ಬೇರೆ ಹೆಜ್ಜೆಗಳನ್ನು ಒಂದು ಮಾಡಿತೇ?

ಗಂಟು ಸಡಿಲಿಸಿದ್ದು ಅದೇ ವರ್ಷದ ಜುಲೈ 21ಕ್ಕೆ ತಲುಪಿದ ಎರಡನೆಯ, ದೀರ್ಘ ಲೇಖನ. ಅದರಲ್ಲಿ ಐನ್‌ಸ್ಟೈನ್ ಇದ್ದಾರೆ: ಅಲೆಗಳು ಬೆಳಕಿನ ಕಣಗಳಿಗೆ ದಾರಿ ತೋರಲಷ್ಟೇ ಇರುವುವೆಂದೂ ಅದೊಂದು 'ಭೂತಕ್ಷೇತ್ರ'ವೆಂದೂ ಅವರು ಹೇಳಿದ್ದನ್ನು ಬಾರ್ನ್ ನೆನೆಯುತ್ತಾರೆ. ಅಂದರೆ ನೊಬೆಲ್ ವೇದಿಕೆಯ ಕೃತಜ್ಞತೆ ಆಮೇಲೆ ಕಟ್ಟಿದ್ದಲ್ಲ. ಆದರೆ ಈ ಮಾತಿನ ತಿರುಳು ದಾರಿ ತೋರುವುದು. ವರ್ಗಕ್ಕೆ ಅದೇ ಲೇಖನದಲ್ಲಿ ಬೇರೆ ಆಧಾರವಿದೆ: ಒಂದು ಸೈಯನ್ನು ಹಲವು ಸ್ಥಿತಿಗಳಾಗಿ ಬಿಡಿಸಿದರೆ, ಬಿಡಿ ಭಾಗಗಳ ವರ್ಗಗಳನ್ನು ಕೂಡಿದಾಗ ಇಡಿಯ ಲೆಕ್ಕ ಸರಿಹೋಗುತ್ತದೆ.

ಸೋದರ ಸೊಸೆಯ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದು ತೋರಿಸಿದೆ. ಎಲೆಕ್ಟ್ರಾನಿಗೆ ಎರಡೇ ದಾರಿ ಎನ್ನೋಣ. ಒಂದರಲ್ಲಿ ಸೈ 0.6, ಇನ್ನೊಂದರಲ್ಲಿ −0.8. ಹಾಗೇ ಕೂಡಿದರೆ −0.2. ಋಣ ಸಂಭವನೀಯತೆಗೆ ಅರ್ಥವಿಲ್ಲ. ವರ್ಗ ಮಾಡಿ ಕೂಡಿದರೆ 0.36ಕ್ಕೆ 0.64 ಸೇರಿ ಸರಿಯಾಗಿ 1, ಹದಿನಾರಾಣೆ ಲೆಕ್ಕ. ಹಾಗಾಗಿ ನನ್ನ ತೀರ್ಮಾನ: ಸಂಭವನೀಯತೆಯ ಕಲ್ಪನೆ ಐನ್‌ಸ್ಟೈನ್ ಕಡೆಯಿಂದ, ವರ್ಗ ಲೆಕ್ಕದ ಒತ್ತಾಯದಿಂದ. ಇದು ಊಹೆ, ಪುರಾವೆಯಲ್ಲ. ಆ ವರ್ಷವೇ ಶ್ರೋಡಿಂಗರ್ ಕೂಡ ಸೈಯ ವರ್ಗವನ್ನು ಹಿಡಿದಿದ್ದರು, ವಿದ್ಯುದಾವೇಶದ ಸಾಂದ್ರತೆಯೆಂದು. ಆ ಪ್ರಭಾವವನ್ನು ತಳ್ಳಿಹಾಕಲಾರೆ.

"ವರ್ಗ ಮಾಡಿದ ಮೇಲೆ ಮೈನಸ್ ಹೋಯ್ತಲ್ಲ, ಮತ್ತೆ ಅದು ಯಾಕೆ ಬೇಕಿತ್ತು?" ಎಂದಳು. ಗುಡಿಯ ಹೋಲಿಕೆ ಪರೀಕ್ಷೆಗೆ ನಿಂತದ್ದು ಅಲ್ಲಿ. ಆ ಎರಡು ದಾರಿಗಳನ್ನು ಅರ್ಧ ಬಿಟ್ಟು ಅರ್ಧ ತಿರುಗಿಸುವ ಕನ್ನಡಿಯಂಥದ್ದರಲ್ಲಿ ಕೂಡಿಸಿದರೆ, ಒಂದು ಬಾಗಿಲಿಗೆ ಸೈಗಳ ಮೊತ್ತ, ಇನ್ನೊಂದಕ್ಕೆ ವ್ಯತ್ಯಾಸ. ಎರಡನ್ನೂ 2ರ ವರ್ಗಮೂಲದಿಂದ ಭಾಗಿಸಬೇಕು. ಆಮೇಲೆ ವರ್ಗ ಮಾಡಿದರೆ ಒಂದು ಬಾಗಿಲಲ್ಲಿ ನೂರಕ್ಕೆ 2, ಇನ್ನೊಂದರಲ್ಲಿ 98. ಎಲೆಕ್ಟ್ರಾನ್ ಮೊದಲೇ ಯಾವುದೋ ಒಂದು ದಾರಿಯಲ್ಲಿದ್ದು ನಮಗೆ ಕಾಣದಿದ್ದುದಷ್ಟೇ ಆಗಿದ್ದರೆ, ಸಿಗಬೇಕಾದದ್ದು 50–50. ಗುಡಿಯ ಬಾಗಿಲು ಮುಚ್ಚಿದ್ದರೂ ದೇವಿ ಗರ್ಭಗುಡಿಯಲ್ಲಿ ಇದ್ದೇ ಇದ್ದಾಳೆ. ಮುಚ್ಚಿದ ಬಾಗಿಲು ನಮ್ಮ ನೋಟದ ಮಿತಿ. ಸೈ ಅಂಥ ಮಿತಿಯಷ್ಟೇ ಅಲ್ಲ. ವರ್ಗ ಮಾಡುವ ಮೊದಲು ಅದು ಕೂಡುತ್ತದೆ, ಕಳೆಯುತ್ತದೆ; ಆ ಕೂಡಿಕಳೆದದ್ದು ಎಣಿಕೆಯಲ್ಲಿ ಕಾಣುತ್ತದೆ.

ಅವಳು ಗುಡಿಯ ಸಾಲನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲೊಂದು ನಕ್ಷತ್ರ ಹಾಕಿ, ಪುಟದ ಬುಡದಲ್ಲಿ ಸಣ್ಣದಾಗಿ ಬರೆದಳು: ಜಾಗ್ರತೆಯಿಂದ ನೋಡಿದರೆ ಹಾಗಲ್ಲ, ಮೈನಸ್ಸೂ ಲೆಕ್ಕಕ್ಕಿದೆ.