ಶುಭವಾರ್ತೆಯ ವಿನಿಯೋಗ

ದುಃಖವನ್ನು ಮನುಷ್ಯನು ಒಬ್ಬನೇ ಹೊತ್ತು ನಡೆದುದುಂಟು. ಸಂತೋಷವನ್ನು ಒಬ್ಬನೇ ಹೊತ್ತು ನಡೆದವನು ವಿರಳ. ಮನೆಯಲ್ಲಿ ಮಗು ಹುಟ್ಟಿದರೆ, ಮಗನಿಗೆ ಉದ್ಯೋಗವಾದರೆ, ಬಹುದಿನದ ವ್ಯಾಧಿಯು ವಾಸಿಯಾದರೆ, ಆ ಸುದ್ದಿಯು ನೆರೆಯವರ ಕಿವಿಗೆ ಮುಟ್ಟುವವರೆಗೆ ಮನಸ್ಸಿಗೆ ಸಮಾಧಾನವಿಲ್ಲ. ಇದು ಕೇವಲ ಜಂಬವೆಂದು ತಿಳಿಯುವವರೂ ಉಂಟು. ಆದರೆ ಪ್ರಾಚೀನ ಗ್ರಂಥಗಳನ್ನೂ ಕನ್ನಡ ನಾಡಿನ ಶಾಸನಗಳನ್ನೂ ಪರಿಶೀಲಿಸಿದಲ್ಲಿ, ಶುಭವಾರ್ತೆಯನ್ನು ಸಾರುವುದು ಬೇರೆ, ಅದನ್ನು ಹಂಚುವುದು ಬೇರೆ ಎಂಬ ವಿವೇಕವು ಪೂರ್ವಿಕರಲ್ಲಿದ್ದಿತೆಂದು ತೋರಿಬರುತ್ತದೆ. ದೇವರ ಪ್ರಸಾದಕ್ಕೆ ಹೇಗೆ ವಿನಿಯೋಗವುಂಟೋ ಹಾಗೆಯೇ ಸಂತೋಷಕ್ಕೂ ಉಂಟು. ವಿನಿಯೋಗವಾಗದ ಪ್ರಸಾದವು ಬರಿಯ ಅನ್ನವಷ್ಟೆ.

ಸಂಸ್ಕೃತದಲ್ಲಿ ‘ಪೂರ್ಣಪಾತ್ರ’ವೆಂಬ ಶಬ್ದವೊಂದಿದೆ. ಯಜ್ಞಕರ್ಮದಲ್ಲಿ ಅದಕ್ಕೆ ಬೇರೆ ಅರ್ಥವಿದ್ದರೂ, ಉತ್ಸವಕಾಲದಲ್ಲಿ ಶುಭವಾರ್ತೆ ತಂದವರೂ ಆಪ್ತರೂ ಸಂತೋಷಪಟ್ಟವನ ವಸ್ತ್ರಾಭರಣಗಳನ್ನು ಸಲಿಗೆಯಿಂದ ಕಿತ್ತುಕೊಳ್ಳುವ ಪದ್ಧತಿಗೂ ಅದೇ ಹೆಸರು. ಕೊಡುವವನು ಕೊಡಲೆಂದು ಕಾಯದೆ, ಆ ಹೊತ್ತಿನಲ್ಲಿ ಅವನ ಸೊತ್ತಿನಲ್ಲಿ ತಮಗೂ ಹಕ್ಕುಂಟೆಂದು ಬಂಧುಮಿತ್ರರು ಭಾವಿಸುತ್ತಿದ್ದರು. ಕಾಳಿದಾಸನು ರಘುವಂಶದ ಮೂರನೆಯ ಸರ್ಗದಲ್ಲಿ ದಿಲೀಪನ ಪುತ್ರೋತ್ಸವವನ್ನು ವರ್ಣಿಸುವಾಗ, ವಾರ್ತೆ ತಂದವರಿಗೆ ಕೊಡಬಾರದ ವಸ್ತುಗಳು ರಾಜನಿಗೆ ಮೂರೇ ಇದ್ದುವೆನ್ನುತ್ತಾನೆ: ಬೆಳ್ಗೊಡೆ ಒಂದು, ಚಾಮರ ಎರಡು. ಅವು ರಾಜ್ಯದ ಚಿಹ್ನೆಗಳಾದುದರಿಂದ ಉಳಿದುವು. ಪುತ್ರಜನನದ ಹರ್ಷದಲ್ಲಿ ಬಿಡುಗಡೆ ಮಾಡಬೇಕೆಂದರೆ ಆ ಧರ್ಮಪ್ರಭುವಿನ ಸೆರೆಯಲ್ಲಿ ಯಾರೂ ಇರಲಿಲ್ಲ. ಪಿತೃಋಣವೆಂಬ ಬಂಧನದಿಂದ ತಾನೊಬ್ಬನೇ ಬಿಡುಗಡೆ ಹೊಂದಿದನೆಂಬುದು ಕವಿಯ ಚಮತ್ಕಾರ. ಇದು ಕವಿಯ ಕಲ್ಪನೆ ಮಾತ್ರವಲ್ಲ. ಹೊಸ ದೇಶವನ್ನು ಗೆದ್ದಾಗ, ಯುವರಾಜನಿಗೆ ಪಟ್ಟ ಕಟ್ಟಿದಾಗ, ರಾಜನಿಗೆ ಮಗನು ಹುಟ್ಟಿದಾಗ ಬಂದಿಗಳನ್ನು ಬಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ವಿಧಿಯುಂಟು. ಅರಮನೆಯ ಸಂತೋಷವು ಮೊದಲು ತಲಪಬೇಕಾದುದು ಸೆರೆಮನೆಗೆ ಎಂಬ ಭಾವವು ಇದರಲ್ಲಿ ಅಡಗಿದೆ.

ಸಾಮಾನ್ಯ ಗೃಹಸ್ಥನ ವಿಷಯದಲ್ಲಿಯೂ ಇದೇ ತತ್ತ್ವವನ್ನು ಕಾಣಬಹುದು. ಶುಭಕರ್ಮಗಳ ಮೊದಲಿಗೆ ನಡೆಯುವ ಪುಣ್ಯಾಹವಾಚನದಲ್ಲಿ, ಈ ದಿನವು ಪುಣ್ಯಕರವೆಂದು ಕರ್ತೃವು ತಾನೇ ಹೇಳಿಕೊಳ್ಳುವುದಿಲ್ಲ. ನೆರೆದವರು ಹಾಗೆ ಹೇಳಬೇಕೆಂದು ಪ್ರಾರ್ಥಿಸುತ್ತಾನೆ. ಅವರು ಪುಣ್ಯಾಹವೆಂದೂ ಸ್ವಸ್ತಿಯೆಂದೂ ಋದ್ಧಿಯೆಂದೂ ಮರುನುಡಿಯುತ್ತಾರೆ. ಮಂಗಳವು ಮನೆಯೊಳಗೆ ಹುಟ್ಟಿದರೂ ಅದಕ್ಕೆ ಮುದ್ರೆ ಬೀಳುವುದು ನೆರೆದವರ ಬಾಯಿಂದಲೇ.

ಇನ್ನು ಕನ್ನಡ ನಾಡಿನ ಕಲ್ಲುಗಳ ಸಾಕ್ಷ್ಯವನ್ನು ನೋಡಬಹುದು. ಪಟ್ಟದಕಲ್ಲಿನಲ್ಲಿ ಈಗ ವಿರೂಪಾಕ್ಷನೆಂದು ಪೂಜೆಗೊಳ್ಳುವ ದೇವರ ಆಲಯಕ್ಕೆ ಮೊದಲಿದ್ದ ಹೆಸರು ಲೋಕೇಶ್ವರ. ಬಾದಾಮಿಯ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನು (ಕ್ರಿ.ಶ. 733-744) ಕಂಚಿಯನ್ನು ಮೂರು ಸಲ ಗೆದ್ದ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಅದನ್ನು ಕಟ್ಟಿಸಿದಳು. ಪತಿಯ ಗೆಲವಿನಿಂದ ರಾಣಿಗಾದ ಹರ್ಷವು ಅರಮನೆಯಲ್ಲಿಯೇ ನಿಲ್ಲಲಿಲ್ಲ. ಆಲಯವನ್ನು ರೂಪಿಸಿದ ಸೂತ್ರಧಾರಿ ಗುಂಡನಿಗೆ ‘ತ್ರಿಭುವನಾಚಾರಿ’ಯೆಂಬ ಬಿರುದೂ ಪೆರ್ಜೆರೆಪು ಪಟ್ಟವೂ ದೊರೆತುವು, ಗಾಯಕರಿಗೆ ಹಿಂದೆ ವಿಜಯಾದಿತ್ಯನು ಕೊಟ್ಟಿದ್ದ ಮರ್ಯಾದೆಗಳನ್ನು ರಾಣಿಯು ಸ್ಥಿರಪಡಿಸಿದಳು. ಕಲ್ಲುಕುಟಿಗನೂ ಹಾಡುವವರೂ ಆ ಸಂತೋಷದ ಭಾಗಿಗಳಾದರು. ಇದಕ್ಕಿಂತಲೂ ಗಮನಾರ್ಹವಾದುದು ಕಂಚಿಯ ಕೈಲಾಸನಾಥ ದೇವಾಲಯದಲ್ಲಿರುವ ವಿಕ್ರಮಾದಿತ್ಯನ ಕನ್ನಡ ಶಾಸನ. ಗೆದ್ದ ಊರಿನ ದೇವರ ಸೊತ್ತನ್ನು ಕಂಡು ಅದನ್ನು ಅಪಹರಿಸದೆ ಆ ದೇವರಿಗೇ ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಗೆದ್ದವನ ಹಬ್ಬವು ಸೋತವನ ಮನೆಯನ್ನು ಬರಿದುಮಾಡಬಾರದೆಂಬ ನಡತೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ.

ಏಳುನೂರಕ್ಕೂ ಹೆಚ್ಚು ವರ್ಷಗಳ ತರುವಾಯ, ಕ್ರಿ.ಶ. 1509ರಲ್ಲಿ ಪಟ್ಟವೇರಿದ ಶ್ರೀಕೃಷ್ಣದೇವರಾಯನೂ ಈ ಮಾರ್ಗದಲ್ಲಿಯೇ ನಡೆದನು. ಪಟ್ಟಾಭಿಷೇಕದ ಸಂದರ್ಭದಲ್ಲಿ ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ರಂಗಮಂಟಪವನ್ನೂ ಗೋಪುರವನ್ನೂ ಕಟ್ಟಿಸಿ, ಸಿಂಗಿನಾಯಕನಹಳ್ಳಿಯನ್ನು ದೇವರಿಗೆ ಬಿಟ್ಟನೆಂಬುದು ಅಲ್ಲಿಯ ಶಾಸನದಿಂದ ತಿಳಿದುಬರುತ್ತದೆ. ಕಿರೀಟವು ಒಬ್ಬನ ತಲೆಯದು. ಮಂಟಪದ ನೆರಳು ಬಂದವರೆಲ್ಲರದು.

ಈ ಬಗೆಯ ದಾಖಲೆಗಳಲ್ಲಿ ಅತ್ಯಂತ ಹೃದಯಂಗಮವಾದುದು ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯಲ್ಲಿದೆ. ಅದರ ಕಾಲ ಕ್ರಿ.ಶ. 1133. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾಗಿ ತಲಕಾಡನ್ನು ಚೋಳರಿಂದ ಬಿಡಿಸಿದವನೂ, ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನೂ ಆದ ಗಂಗರಾಜನು ತೀರಿಕೊಂಡ ಬಳಿಕ, ಅವನ ಮಗ ಬೊಪ್ಪನು ತಂದೆಯ ನೆನಪಿಗಾಗಿ ರಾಜಧಾನಿ ದೋರಸಮುದ್ರದಲ್ಲಿ ಈ ಜಿನಾಲಯವನ್ನು ಎತ್ತಿಸಿದನು. ತೀರಿಹೋದವರಿಗಾಗಿ ಮಾಡುವ ಇಂತಹ ಸೇವೆಯನ್ನು ಜೈನ ಶಾಸನಗಳು ‘ಪರೋಕ್ಷವಿನಯ’ವೆಂದು ಕರೆಯುತ್ತವೆ. ಎದುರಿಗಿಲ್ಲದವರಿಗೆ ತೋರುವ ವಿನಯವೆಂಬ ಆ ಮಾತೇ ಎಷ್ಟು ಮೃದುವಾದುದು!

ಪ್ರತಿಷ್ಠೆಯಾದ ಮೇಲೆ ಅರ್ಚಕರು ದೇವರ ಗಂಧೋದಕವನ್ನೂ ಸೇಸೆಯನ್ನೂ ತೆಗೆದುಕೊಂಡು, ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ಅರಮನೆಯೂ ಆಗ ಸಾವನ್ನು ಅರಿಯದ ಮನೆಯಾಗಿರಲಿಲ್ಲ, ಪಟ್ಟದ ರಾಣಿ ಶಾಂತಲದೇವಿಯು ಶಿವಗಂಗೆಯಲ್ಲಿ ದೇಹಬಿಟ್ಟು (ಕ್ರಿ.ಶ. 1131) ಎರಡು ವರ್ಷಗಳಾಗಿದ್ದುವಷ್ಟೆ. ಅಂತಹ ಸಮಯದಲ್ಲಿ ದೊರೆಗೆ ಎರಡು ಶುಭಗಳು ಒಟ್ಟಿಗೆ ಒದಗಿದ್ದುವು: ದಂಡೆತ್ತಿ ಬಂದ ಮಸಣನೆಂಬ ವೈರಿಯು ಸೋತಿದ್ದನು, ರಾಣಿ ಲಕ್ಷ್ಮೀದೇವಿಗೆ ಗಂಡುಮಗುವು ಹುಟ್ಟಿದ್ದಿತು. ಅರ್ಚಕರನ್ನು ಕಂಡು ವಿಷ್ಣುವರ್ಧನನು ಎದ್ದು ಎದುರುಗೊಂಡು, ಕೈಮುಗಿದು, ಗಂಧೋದಕವನ್ನೂ ಸೇಸೆಯನ್ನೂ ತಲೆಯ ಮೇಲೆ ಧರಿಸಿದನು. ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ವಿಜಯವೂ ಪುತ್ರನೂ ದೊರೆತರೆಂದು ನುಡಿದು, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಈ ಮಗುವೇ ಮುಂದೆ ಹೊಯ್ಸಳ ಸಿಂಹಾಸನವನ್ನೇರಿದ ಒಂದನೆಯ ನರಸಿಂಹ.

ಈ ವೃತ್ತಾಂತವನ್ನು ಇತಿಹಾಸಕಾರರು ಸಾಮಾನ್ಯವಾಗಿ ಕಾಲನಿರ್ಣಯಕ್ಕಾಗಿಯೂ, ದೊರೆಯ ಮತಸಹಿಷ್ಣುತೆಯನ್ನು ತೋರಿಸುವುದಕ್ಕಾಗಿಯೂ ಉದಾಹರಿಸುವುದುಂಟು. ಅವೆರಡೂ ಸರಿಯೆ. ಆದರೆ ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸೇಸೆಯನ್ನು ಕಳುಹಿಸಿದ ಮನೆಯು ತಂದೆಯನ್ನು ಕಳೆದುಕೊಂಡ ಮನೆ; ಅದನ್ನು ಸ್ವೀಕರಿಸಿದ ಮನೆಯಲ್ಲಿ ತೊಟ್ಟಿಲು ತೂಗುತ್ತಿದ್ದಿತು. ಸಾವಿನ ನೆನಪಿಗೆಂದು ಕಟ್ಟಿದ ಆಲಯದ ಪ್ರಸಾದವನ್ನು ಬಾಣಂತಿಯಿರುವ ಮನೆಗೆ ತಂದರೆಂದು ದೊರೆಯು ಶಂಕಿಸಲಿಲ್ಲ. ತನ್ನ ಸಂತೋಷಕ್ಕೆ ಆ ಶೋಕತಪ್ತನಾದ ಮಗನ ಸೇವೆಯೇ ಕಾರಣವೆಂದು ಹೇಳಿ, ಒಂದೇ ‘ವಿಜಯ’ ಶಬ್ದವನ್ನು ದೇವರಿಗೂ ಕೂಸಿಗೂ ಹಂಚಿದನು. ತಂದೆಯಿಲ್ಲದವನಾದ ಬೊಪ್ಪನಿಗೆ ಇದಕ್ಕಿಂತ ಹೆಚ್ಚಿನ ಸಾಂತ್ವನವು ಯಾವುದಿದ್ದೀತು? ದೊರೆಯು ಶುಭವಾರ್ತೆಯನ್ನು ಅವನಿಗೆ ತಿಳಿಸಿದ್ದು ಮಾತ್ರವಲ್ಲ, ಅದರಲ್ಲಿ ಅವನಿಗೊಂದು ಪಾಲನ್ನೂ ಕೊಟ್ಟಂತಾಯಿತು.

‘ಸೇಸೆ’ಯೆಂಬುದು ‘ಶೇಷಾ’ ಶಬ್ದದ ತದ್ಭವ. ದೇವರಿಗೆ ಅರ್ಪಿಸಿ ಉಳಿದುದು, ತಲೆಯ ಮೇಲೆ ಧರಿಸುವ ಅಕ್ಷತೆ. ರಾಜರು ಕಲ್ಲಿನಲ್ಲಿ ಮಾಡಿದುದನ್ನು ಬಡವರು ಅಕ್ಷತೆಯಲ್ಲಿ ಮಾಡಿದರು. ಮದುವೆಗೆ ಮನೆಮನೆಗೂ ಹೋಗಿ ಅಕ್ಷತೆಯಿಟ್ಟು ಕರೆಯುವುದು, ಮಗು ಹುಟ್ಟಿದರೆ ಸಕ್ಕರೆ ಹಂಚುವುದು, ತೊಟ್ಟಿಲಿಗೆ ಹಾಕುವ ದಿನ ಕೇರಿಯ ಹೆಂಗಸರನ್ನೆಲ್ಲ ಕರೆಯುವುದು, ಇವೆಲ್ಲವೂ ಸಂತೋಷದ ವಿನಿಯೋಗಗಳೇ. 1879ರಲ್ಲಿ ಭಾರತಕ್ಕೆ ಅಂಚೆಯ ಕಾರ್ಡು ಬಂದ ಮೇಲೆಯೂ ಈ ಸಂಪ್ರದಾಯವು ಅಳಿಯಲಿಲ್ಲ. ಶುಭಪತ್ರಿಕೆಯ ಮೂಲೆಗಳಿಗೆ ಅರಿಸಿನವನ್ನು ಹಚ್ಚಿದರು; ಸಾವಿನ ಕಾಗದವನ್ನಾದರೋ ಓದಿದೊಡನೆ ಹರಿದೆಸೆದರು. ತಂತಿಯ ಇಲಾಖೆಯು ಶುಭಾಶಯದ ವಾಕ್ಯಗಳಿಗೆ ಸಂಖ್ಯೆಗಳನ್ನು ಗೊತ್ತುಮಾಡಿದ್ದಿತು. ಕಳುಹಿಸುವವನು ಸಂಖ್ಯೆಯನ್ನು ಬರೆದರೆ ಸಾಕು, ಮುಟ್ಟುವಲ್ಲಿ ಅದು ಹಾರೈಕೆಯಾಗುತ್ತಿದ್ದಿತು. 2013ರ ಜುಲೈ ತಿಂಗಳಲ್ಲಿ ಆ ತಂತಿಯೂ ಮೌನವಾಯಿತು. ವಾರ್ತೆಯ ವಾಹನಗಳು ಬದಲಾದರೂ, ವಾರ್ತೆಯನ್ನು ಹೊರಗೆಡಹುವ ಆತುರವು ಬದಲಾಗಿಲ್ಲ.

ಹೀಗಿದ್ದರೂ ಸಂಪ್ರದಾಯದ ದೋಷವನ್ನು ಮರೆಮಾಚುವುದು ನ್ಯಾಯವಲ್ಲ. ಶಾಸನಗಳಲ್ಲಿ ಪುತ್ರೋತ್ಸವಗಳು ಹೆಚ್ಚು, ಪುತ್ರಿಯ ಜನನದ ಹರ್ಷವು ಅಪೂರ್ವ. ಕೇರಿಗೆಲ್ಲ ಸಕ್ಕರೆ ಹಂಚಿದ ಮನೆಯಲ್ಲಿಯೇ ಪತಿಯನ್ನು ಕಳೆದುಕೊಂಡ ಹೆಣ್ಣುಮಗಳು ಒಳಕೋಣೆಯಲ್ಲಿ ನಿಲ್ಲಬೇಕಾಗಿದ್ದಿತು. ಮಕ್ಕಳಿಲ್ಲದವಳು ತೊಟ್ಟಿಲ ಬಳಿ ಸುಳಿದರೆ ಹಿರಿಯರ ಹುಬ್ಬು ಗಂಟಿಕ್ಕುತ್ತಿದ್ದಿತು. ಯಾರಿಗೆ ಮಂಗಳದ ಮಾತು ಹೆಚ್ಚು ಬೇಕಾಗಿದ್ದಿತೋ ಅವರಿಗೇ ಅಕ್ಷತೆಯ ಬಾಗಿಲು ಮುಚ್ಚಿದ್ದಿತು. ಅಮಂಗಳದ ಭಯದಿಂದ ಹುಟ್ಟಿದ ಈ ನಿಷ್ಕರುಣೆಗೆ ಶಾಸ್ತ್ರದ ಹೆಸರನ್ನು ಕೊಟ್ಟರು. ಆದರೆ ಬಂಕಾಪುರದ ಅರಮನೆಯಲ್ಲಿ ನಡೆದುದು ಅದಕ್ಕೆ ನೇರವಾದ ಉತ್ತರ. ನೊಂದವನ ಮನೆಯ ಸೇಸೆಯನ್ನು ದೊರೆಯು ಎದ್ದುನಿಂತು ತಲೆಯಲ್ಲಿ ಹೊತ್ತನು. ಕೂಸಿಗೆ ಅದರಿಂದ ಕೇಡಾಗಲಿಲ್ಲ, ಹೆಸರಾಯಿತು.

ಆದುದರಿಂದ ಶುಭವಾರ್ತೆಯನ್ನು ಹೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ; ಹೇಳದೆ ಬಚ್ಚಿಡುವುದು ಲೋಭವೇ ಸರಿ. ಆದರೆ ಕೇಳುವವರಿಗೆ ಅದರಲ್ಲಿ ಪಾಲೇನೆಂಬುದನ್ನು ಹೇಳುವವನು ಒಂದು ಕ್ಷಣವಾದರೂ ಯೋಚಿಸಬೇಕು. ಕೇಳುವವರಲ್ಲಿ ಒಬ್ಬನು ತಂದೆಯನ್ನು ಕಳೆದುಕೊಂಡಿರಬಹುದು, ಒಬ್ಬಳ ಮಡಿಲು ಬರಿದಾಗಿರಬಹುದು, ಒಬ್ಬನ ಮಗನಿಗೆ ಉದ್ಯೋಗವಾಗಿರಲಿಕ್ಕಿಲ್ಲ. ಅವರ ಮುಂದೆ ಸಾರಿದ ಸಂತೋಷವು ಡಂಗುರ. ಅವರ ಹಾರೈಕೆಗೂ ಅದರಲ್ಲಿ ಭಾಗವುಂಟೆಂದು ಒಪ್ಪಿ ಹಂಚಿದ ಸಂತೋಷವು ಪ್ರಸಾದ. ಬಸ್ತಿಹಳ್ಳಿಯ ಕಲ್ಲು ಸುಮಾರು ಒಂಬತ್ತುನೂರು ವರ್ಷಗಳಿಂದ ಕಾಯ್ದುಕೊಂಡು ಬಂದಿರುವುದು ಈ ಎರಡನೆಯ ಬಗೆಯ ಸಂತೋಷವನ್ನೇ.