ಎರಡು ದೇಶದ ಕೆರೆಗೆ ಒಂದೇ ಲ್ಯಾಬ್ ರಿಪೋರ್ಟ್

1969ರ ಜೂನ್ 22, ಭಾನುವಾರ. ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಊರಲ್ಲಿ ನದಿಗೆ ಬೆಂಕಿ ಬಿತ್ತು. ಹೌದು, ನದಿಗೇ. ಕಯಾಹೋಗಾ ಅಂತ ಆ ನದಿಯ ಹೆಸರು. ನೀರಿನ ಮೇಲೆ ಎಣ್ಣೆ, ಗ್ರೀಸು, ಕಾರ್ಖಾನೆ ಕಸ ತೇಲುತ್ತಿತ್ತು, ಎಲ್ಲಿಂದಲೋ ಒಂದು ಕಿಡಿ ಬಿತ್ತು. ಅರ್ಧ ಗಂಟೆಯಲ್ಲಿ ಬೆಂಕಿ ಆರಿಸಿದರು. ಎರಡು ರೈಲ್ವೆ ಸೇತುವೆಗೆ ಹಾನಿ, ನಷ್ಟ ಸುಮಾರು 50 ಸಾವಿರ ಡಾಲರ್. ಅಷ್ಟೇ.

ಫೋಟೋಗ್ರಾಫರ್ ಬರುವಷ್ಟರಲ್ಲಿ ಬೆಂಕಿ ಆರಿತ್ತು. ಹಾಗಾಗಿ ಆ ಬೆಂಕಿಯ ಒಂದೇ ಒಂದು ಚಿತ್ರ ಇಲ್ಲ. ಆದರೂ ಆಗಸ್ಟ್‌ನಲ್ಲಿ ಟೈಮ್ ಪತ್ರಿಕೆ ಧಗಧಗ ಉರಿಯುವ ನದಿಯ ಫೋಟೋ ಹಾಕಿತು. ಅದು 1952ರ ಬೆಂಕಿಯ ಫೋಟೋ! ಅಂದರೆ ಆ ನದಿ ಅದಕ್ಕೆ ಮೊದಲೂ ಉರಿದಿತ್ತು, ಹತ್ತೊಂಬತ್ತನೇ ಶತಮಾನದಿಂದಲೇ ಆಗಾಗ ಉರಿಯುತ್ತಿತ್ತು. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹಳೇ ಫೋಟೋ, ಹೊಸ ಸುದ್ದಿ, ದೇಶಕ್ಕೇ ಎಚ್ಚರ. ನಮ್ಮ ವೃತ್ತಿಯವರು ಈ ಕಥೆ ಕೇಳಿ ನಗಬೇಕೋ ನಾಚಿಕೊಳ್ಳಬೇಕೋ, ನೀವೇ ಹೇಳಿ.

ಬೆಳ್ಳಂದೂರು ಕೆರೆ ಹೊಗೆಯಾಡಿದ್ದನ್ನು ಟಿವಿಯಲ್ಲಿ ನೋಡಿದ ನಿಮಗೆ ನೀರು ಹೇಗೆ ಉರಿಯುತ್ತೆ ಅಂತ ನಾನು ವಿವರಿಸಬೇಕಿಲ್ಲ. ನನಗೆ ಹೇಳಬೇಕಿರುವುದು ಬೆಂಕಿಯ ಕಥೆಯೂ ಅಲ್ಲ. ಆ ನದಿ ಹೋಗಿ ಸೇರುವ ಈರಿ ಅನ್ನೋ ಸರೋವರದ ಕಥೆ. ಆ ನೀರು ಇಬ್ಬರದು. ದಕ್ಷಿಣ ದಂಡೆ ಅಮೆರಿಕದ್ದು, ಉತ್ತರ ದಂಡೆ ಕೆನಡಾದ್ದು, ಗಡಿರೇಖೆ ನಡುನೀರಿನಲ್ಲಿ. ಸುಪೀರಿಯರ್, ಮಿಷಿಗನ್, ಹ್ಯೂರಾನ್, ಈರಿ, ಒಂಟಾರಿಯೋ ಈ ಐದು ಮಹಾ ಸರೋವರಗಳಲ್ಲಿ ಜಗತ್ತಿನ ನೆಲದ ಮೇಲಿನ ಸಿಹಿನೀರಿನ ಸುಮಾರು ಐದನೇ ಒಂದು ಭಾಗ ಇದೆ. ಅದರಲ್ಲಿ ಅತಿ ಕಡಿಮೆ ಆಳದ್ದು ಈರಿ, ಸರಾಸರಿ 19 ಮೀಟರ್. ಪಶ್ಚಿಮದ ತುದಿಯಲ್ಲಂತೂ ಏಳೆಂಟು ಮೀಟರ್. ಆಳ ಕಡಿಮೆ, ದಂಡೆಯಲ್ಲಿ ಊರುಗಳು ಜಾಸ್ತಿ. ಮೊದಲು ಕಾಯಿಲೆ ಬಿದ್ದದ್ದು ಅದೇ.

ಕಾಯಿಲೆಯ ಮೊದಲ ಲಕ್ಷಣ ಕಂಡಿದ್ದು ಒಂದು ಹುಳುವಿನಲ್ಲಿ. ಮೇಫ್ಲೈ ಅಂತ. ಮರಿಯಾಗಿದ್ದಾಗ ಸರೋವರದ ತಳದ ಕೆಸರಲ್ಲಿ ಬದುಕುತ್ತೆ, ಬೇಸಿಗೆಯಲ್ಲಿ ರೆಕ್ಕೆ ಮೂಡಿ ಮೇಲೆ ಬರುತ್ತೆ. ನಮ್ಮಲ್ಲಿ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಈಸಲು ಹುಳ ಮುತ್ತುತ್ತಲ್ಲ, ಹಾಗೆ. ಬೀದಿದೀಪದ ಕೆಳಗೆ ರಾಶಿ ಬಿದ್ದು ಸಲಿಕೆಯಲ್ಲಿ ಎತ್ತಿ ಹಾಕಬೇಕಾಗುತ್ತಿತ್ತು. 1953ರ ಸೆಪ್ಟೆಂಬರ್‌ನಲ್ಲಿ ಕೆಲವು ದಿನ ಬಿಸಿಲು ಜೋರಾಗಿ ಗಾಳಿ ನಿಂತುಹೋಯಿತು. ತಳದ ನೀರಲ್ಲಿ ಕರಗಿದ ಆಮ್ಲಜನಕ ಖಾಲಿ. ಕೆಸರಿನಲ್ಲಿದ್ದ ಮರಿಗಳು ಲೆಕ್ಕವಿಲ್ಲದಷ್ಟು ಸತ್ತವು. ಜನಕ್ಕೆ ಮಾತ್ರ ಹುಳದ ಕಾಟ ತಪ್ಪಿತು ಅನ್ನೋ ಸಮಾಧಾನ.

ಆಮ್ಲಜನಕ ಎಲ್ಲಿ ಹೋಯಿತು? ಪಾಚಿ ತಿಂದಿತು. ಸರಿಯಾಗಿ ಹೇಳಬೇಕೆಂದರೆ, ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳಕ್ಕೆ ಇಳಿದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಕೊಂಡಿತು. ಹಾಗಾದರೆ ಪಾಚಿಗೆ ಊಟ ಹಾಕಿದವರು ಯಾರು? ಜಗಳ ಶುರುವಾಗಿದ್ದೇ ಇಲ್ಲಿ.

ಜಗಳಕ್ಕೆ ಮುಂಚೆ ಒಂದು ಹಳೇ ಕಾಗದದ ವಿಚಾರ ಹೇಳಿಬಿಡ್ತೀನಿ. 1909ರಲ್ಲಿ ಅಮೆರಿಕ ಮತ್ತು ಬ್ರಿಟನ್ (ಆಗ ಕೆನಡಾದ ಪರವಾಗಿ ಸಹಿ ಮಾಡುತ್ತಿದ್ದದ್ದು ಬ್ರಿಟನ್) ಗಡಿ ನೀರಿನ ಒಪ್ಪಂದ ಮಾಡಿಕೊಂಡವು. ಅದರ ನಾಲ್ಕನೇ ಕಲಮಿನ ಸಾರ ಇಷ್ಟು: ಒಬ್ಬರು ನೀರು ಕೆಡಿಸಿ ಇನ್ನೊಬ್ಬರ ಆರೋಗ್ಯಕ್ಕೆ, ಆಸ್ತಿಗೆ ಹಾನಿ ಮಾಡಬಾರದು. ನೆನಪಿಡಿ, 1909! ಇದನ್ನು ನೋಡಿಕೊಳ್ಳೋಕೆ ಅಂತ ಇಂಟರ್‌ನ್ಯಾಷನಲ್ ಜಾಯಿಂಟ್ ಕಮಿಷನ್ ಹುಟ್ಟಿತು. ಆರು ಜನ ಕಮಿಷನರ್‌ಗಳು, ಆ ಕಡೆ ಮೂವರು, ಈ ಕಡೆ ಮೂವರು. ಕುರ್ಚಿಯಲ್ಲಿ ಕೂರುವ ಮುಂಚೆ ನಿಷ್ಪಕ್ಷಪಾತವಾಗಿ ಇರ್ತೀವಿ ಅಂತ ಪ್ರಮಾಣ ಮಾಡಬೇಕು. ಕಮಿಷನ್ ಕೆಳಗೆ ವಿಜ್ಞಾನಿಗಳ, ಎಂಜಿನಿಯರ್‌ಗಳ ಮಂಡಳಿಗಳು. ಎರಡೂ ಕಡೆಯಿಂದ ಸಮ ಸಂಖ್ಯೆ. ಅಲ್ಲಿ ಕೂತವರು ತಮ್ಮ ಸರ್ಕಾರದ ವಕೀಲರಲ್ಲ, ತಮ್ಮ ವಿದ್ಯೆಗೆ ಮಾತ್ರ ಉತ್ತರ ಕೊಡಬೇಕಾದವರು ಅನ್ನೋದು ನಿಯಮ. ಮೊದಲ ಮಹಾಯುದ್ಧದ ಹೊತ್ತಿಗೇ ಟೈಫಾಯ್ಡ್ ಕಾಟದ ಮೂಲ ಹುಡುಕಲು ಇವರು ಗಡಿಯುದ್ದಕ್ಕೂ ನೀರಿನ ಮಾದರಿ ತೆಗೆದು ಪರೀಕ್ಷಿಸಿ 1918ರಲ್ಲಿ ವರದಿ ಕೊಟ್ಟರು. ಕ್ಲೋರಿನ್ ಹಾಕಿ ಕುಡಿಯುವ ನೀರು ಶುದ್ಧ ಮಾಡೋದು ರೂಢಿಗೆ ಬಂದು ಟೈಫಾಯ್ಡ್ ಇಳಿಯಿತು. ಕೊಳಚೆ ಮಾತ್ರ ಸರೋವರಕ್ಕೇ ಹರಿಯುತ್ತಾ ಇತ್ತು.

ಈಗ ಜಗಳಕ್ಕೆ ಬರೋಣ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಟ್ಟೆ ಸೋಪಿನ ಜಾಗಕ್ಕೆ ಡಿಟರ್ಜೆಂಟ್ ಪುಡಿ ಬಂತು. ಟೈಡ್ ಮಾರುಕಟ್ಟೆಗೆ ಬಂದಿದ್ದು 1946ರಲ್ಲಿ. ಗಡಸು ನೀರಲ್ಲೂ ಕೊಳೆ ಬಿಡಬೇಕು ಅಂತ ಅದರಲ್ಲಿ ಫಾಸ್ಫೇಟ್ ಇರುತ್ತಿತ್ತು. ಬಟ್ಟೆ ಫಳಫಳ. ಕೆಲವೇ ವರ್ಷದಲ್ಲಿ ನದಿಗಳಲ್ಲಿ ನೊರೆ ಗುಡ್ಡೆ ಗುಡ್ಡೆ. ಜನ ಗಲಾಟೆ ಮಾಡಿದರು. ಕಂಪನಿಗಳು 1965ರ ಹೊತ್ತಿಗೆ ನೊರೆ ತರಿಸುವ ಹಳೇ ರಾಸಾಯನಿಕ ಬಿಟ್ಟು ಬೇಗ ಕೊಳೆಯುವ ಇನ್ನೊಂದನ್ನು ಹಾಕಿದವು. ನೊರೆ ಇಳಿಯಿತು, ಚಪ್ಪಾಳೆ ಬಿತ್ತು. ಫಾಸ್ಫೇಟ್ ಹಾಗೇ ಉಳಿಯಿತು. ಕಣ್ಣಿಗೆ ಕಾಣೋದನ್ನು ತೆಗೆದರು, ಕಾಣದ್ದು ಸರೋವರಕ್ಕೆ ಹೋಗ್ತಾನೇ ಇತ್ತು.

1964ರಲ್ಲಿ ಎರಡೂ ಸರ್ಕಾರಗಳು ಜಾಯಿಂಟ್ ಕಮಿಷನ್‌ಗೆ ಕೇಳಿದವು: ಈರಿ, ಒಂಟಾರಿಯೋ ಸರೋವರ ಕೆಡುತ್ತಿವೆಯಾ? ಯಾರಿಂದ? ಏನು ಮಾಡಬೇಕು? ಎರಡೂ ದೇಶದ ಸಂಶೋಧಕರು ದೋಣಿ ಹತ್ತಿದರು. ವರ್ಷಗಟ್ಟಲೆ ಅಳತೆ ಮಾಡಿದರು. ಅದೇ ಹೊತ್ತಿಗೆ ರಿಚರ್ಡ್ ವೋಲನ್‌ವೈಡರ್ ಅನ್ನೋ ಸ್ವಿಸ್ ಮೂಲದ ವಿಜ್ಞಾನಿ 1968ರಲ್ಲಿ ಒಂದು ವರದಿ ಬರೆದಿದ್ದರು. ಒಂದು ಸರೋವರಕ್ಕೆ ವರ್ಷಕ್ಕೆ ಎಷ್ಟು ರಂಜಕ ಸೇರಿದರೆ ಅದು ತಡೆದುಕೊಳ್ಳುತ್ತೆ, ಎಷ್ಟಾದರೆ ಕೆಡುತ್ತೆ ಅಂತ ಲೆಕ್ಕ ಹಾಕೋ ದಾರಿ ಅದರಲ್ಲಿತ್ತು. (ರಂಜಕ ಅಂದರೆ ಫಾಸ್ಫರಸ್. ರೈತರು ಹಾಕುವ ಡಿಎಪಿ ಗೊಬ್ಬರದಲ್ಲಿರೋದೂ ಇದೇ.) ಆಮೇಲೆ ಅವರು ಕೆನಡಾಕ್ಕೇ ಬಂದು ಕೆಲಸ ಮಾಡಿದರು. 1969ರಲ್ಲಿ ಮಂಡಳಿಗಳ ವರದಿ ಬಂತು. ಕಾಯಿಲೆಗೆ ಕಾರಣ ರಂಜಕ. ಡಿಟರ್ಜೆಂಟ್‌ನಿಂದ ತೆಗೀರಿ, ಕೊಳಚೆ ನೀರಿಂದ ತೆಗೀರಿ.

ಸೋಪು ಕಂಪನಿಗಳು ಸುಮ್ಮನಿರುತ್ತವಾ? ರಂಜಕ ಕಾರಣವೇ ಅಲ್ಲ, ಇಂಗಾಲ ಕಾರಣ ಅನ್ನೋ ವಾದ ಎದ್ದಿತು. ಆ ಕಡೆಯೂ ವಿಜ್ಞಾನಿಗಳಿದ್ದರು, ಪ್ರಬಂಧಗಳಿದ್ದವು. ಕೇಳೋರಿಗೆ ಗೊಂದಲ. ಪ್ಯಾನೆಲ್‌ನಲ್ಲಿ ಎರಡು ಕಡೆ ಇಬ್ಬರನ್ನು ಕೂರಿಸಿದರೆ ಚರ್ಚೆ ನಡೆಯುತ್ತೆ, ಸತ್ಯ ಗೊತ್ತಾಗಲ್ಲ. ಪ್ರಯೋಗ ಮಾಡಬೇಕು. ಆದರೆ ಬಾಟಲಿಯಲ್ಲಿ ಮಾಡಿದ ಪ್ರಯೋಗ ಸರೋವರಕ್ಕೆ ಹೊಂದುತ್ತಾ? ಅದೂ ದೊಡ್ಡ ಪ್ರಶ್ನೆಯೇ.

ಕೆನಡಾ ಏನು ಮಾಡಿತು ಗೊತ್ತಾ? ಇಡೀ ಸರೋವರಗಳನ್ನೇ ಪ್ರಯೋಗಾಲಯ ಮಾಡಿತು. 1968ರಲ್ಲಿ ಒಂಟಾರಿಯೋ ಪ್ರಾಂತ್ಯದ ವಾಯವ್ಯ ಮೂಲೆಯ ಕಾಡಿನಲ್ಲಿ ಹತ್ತಾರು ಸಣ್ಣ ಸರೋವರಗಳನ್ನು ಸಂಶೋಧನೆಗೇ ಮೀಸಲಿಟ್ಟರು. ಎಕ್ಸ್‌ಪೆರಿಮೆಂಟಲ್ ಲೇಕ್ಸ್ ಏರಿಯಾ ಅಂತ ಹೆಸರು. ನೇತೃತ್ವ ವಹಿಸಿದ್ದು ಡೇವಿಡ್ ಶಿಂಡ್ಲರ್. ಹುಟ್ಟಿದ್ದು ಅಮೆರಿಕದಲ್ಲಿ, ಕೆಲಸ ಕೆನಡಾದಲ್ಲಿ, ಆಗಿನ್ನೂ ಮೂವತ್ತು ದಾಟಿರಲಿಲ್ಲ. 1969ರಲ್ಲಿ 227 ನಂಬರಿನ ಸರೋವರಕ್ಕೆ ರಂಜಕ, ಸಾರಜನಕ ಹಾಕಿದರು. ಆ ನೀರಲ್ಲಿ ಇಂಗಾಲ ತೀರಾ ಕಡಿಮೆ. ಇಂಗಾಲದ ವಾದ ಸರಿಯಿದ್ದರೆ ಪಾಚಿ ಬೆಳೆಯಬಾರದು. ಬೆಳೆಯಿತು, ದಟ್ಟವಾಗಿ. ಬೇಕಾದ ಇಂಗಾಲವನ್ನು ಅದು ಗಾಳಿಯಿಂದಲೇ ಎಳೆದುಕೊಂಡಿತು.

ಆಮೇಲೆ ಬಂತು ನೋಡಿ 226ನೇ ಸರೋವರ. ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಇಷ್ಟವಾದ ಭಾಗ ಇದು. ಎಂಜಿನಿಯರಿಂಗ್ ಲ್ಯಾಬ್‌ನಲ್ಲಿ ಮೇಷ್ಟ್ರು ಬಡಿದು ಬಡಿದು ಹೇಳೋದು ಒಂದೇ ಮಾತು: ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಾಯಿಸಿ ನೋಡ್ರಪ್ಪಾ. 226 ನಡುವೆ ಸೊಂಟ ಸಣ್ಣಗಿರೋ ಸರೋವರ, ಇಂಗ್ಲಿಷಿನ ಎಂಟರ ಥರ. ಆ ಸೊಂಟಕ್ಕೆ ತಳ ಮುಟ್ಟುವ ಹಾಗೆ ಗಟ್ಟಿ ಪ್ಲಾಸ್ಟಿಕ್ ಪರದೆ ಕಟ್ಟಿದರು. 1973ರಲ್ಲಿ ಎರಡೂ ಭಾಗಕ್ಕೆ ಇಂಗಾಲಕ್ಕಾಗಿ ಸಕ್ಕರೆ ಹಾಕಿದರು, ಸಾರಜನಕ ಹಾಕಿದರು. ಒಂದೇ ಒಂದು ಭಾಗಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಸೆಪ್ಟೆಂಬರ್‌ನಲ್ಲಿ ವಿಮಾನದಿಂದ ಫೋಟೋ ತೆಗೆದರು. ಪರದೆಯ ಒಂದು ಬದಿ ಕಪ್ಪು ತಿಳಿನೀರು, ಇನ್ನೊಂದು ಬದಿ ಪಾಚಿ ಹಸಿರು ಬಣ್ಣ ಬಳಿದ ಹಾಗೆ. ಗ್ರಾಫ್ ಬೇಡ, ಸಮೀಕರಣ ಬೇಡ. ಓದಲು ಬಾರದವರಿಗೂ ಅರ್ಥವಾಗುತ್ತೆ. ನೀರಿನ ವಿಜ್ಞಾನದಲ್ಲಿ ಇದಕ್ಕಿಂತ ಹೆಸರಾದ ಫೋಟೋ ಇನ್ನೊಂದಿಲ್ಲ ಅಂತಲೇ ಹೇಳ್ತೀನಿ. ಇದು ಕ್ಲೀವ್‌ಲ್ಯಾಂಡ್ ಬೆಂಕಿಯದ್ದರಂತೆ ಹಳೇ ಫೋಟೋ ಅಲ್ಲ, ಅಸಲಿ. 1991ರಲ್ಲಿ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಶುರುವಾದಾಗ ಮೊಟ್ಟಮೊದಲು ಕೊಟ್ಟಿದ್ದು ಶಿಂಡ್ಲರ್‌ಗೆ.

ಆದರೆ ಎರಡು ದೇಶಗಳು ಈ ಫೋಟೋಗಾಗಿ ಕಾಯಲಿಲ್ಲ ಅನ್ನೋದನ್ನು ಗಮನಿಸಿ. 1972ರ ಏಪ್ರಿಲ್ 15ಕ್ಕೇ ಒಟ್ಟಾವಾದಲ್ಲಿ ನಿಕ್ಸನ್ ಮತ್ತು ಪಿಯರ್ ಟ್ರೂಡೋ ಮಹಾ ಸರೋವರಗಳ ನೀರಿನ ಗುಣಮಟ್ಟದ ಒಪ್ಪಂದಕ್ಕೆ ಸಹಿ ಹಾಕಿದರು. ಸಹಿ ಹಾಕೋ ಧೈರ್ಯ ಎಲ್ಲಿಂದ ಬಂತು? ಜಂಟಿ ಮಂಡಳಿಗಳ ವರದಿಯಿಂದ. ಎಷ್ಟು ಟನ್ ರಂಜಕ ಯಾವ ದಂಡೆಯಿಂದ ಬರುತ್ತಿದೆ ಅನ್ನೋ ಅಂಕಿ ಒಂದೇ ಇತ್ತು. ಅಮೆರಿಕದ ಅಂಕಿ, ಕೆನಡಾದ ಅಂಕಿ ಅಂತ ಎರಡಿರಲಿಲ್ಲ. ನಿಮ್ಮ ಲ್ಯಾಬ್ ಸುಳ್ಳು ಹೇಳ್ತಿದೆ ಅಂತ ಟೇಬಲ್ ಕುಟ್ಟೋ ಅವಕಾಶ ಯಾರಿಗೂ ಸಿಗಲಿಲ್ಲ. ಅದೂ ಕೆಸರಿನ ಪಾಲು ಜಾಸ್ತಿ ಅಮೆರಿಕದ ಕಡೆಯದೇ ಆಗಿದ್ದಾಗ.

ಎಲ್ಲ ಸಲೀಸಾಗಿ ನಡೀತು ಅಂದುಕೊಳ್ಳಬೇಡಿ. ಕೆನಡಾ 1970ರಲ್ಲೇ ಡಿಟರ್ಜೆಂಟ್ ಫಾಸ್ಫೇಟಿಗೆ ಮಿತಿ ಹಾಕಿತು, ಆಮೇಲೆ ಇನ್ನೂ ಬಿಗಿ ಮಾಡಿತು. ಅಮೆರಿಕದಲ್ಲಿ 1971ರ ಸೆಪ್ಟೆಂಬರ್‌ನಲ್ಲಿ ಸರ್ಜನ್ ಜನರಲ್ ಅವರೇ, ಬದಲಿ ಪುಡಿಗಳು ಅಪಾಯ, ಫಾಸ್ಫೇಟ್ ಇರೋದನ್ನೇ ಬಳಸಿ ಅಂತ ಗೃಹಿಣಿಯರಿಗೆ ಹೇಳಿಬಿಟ್ಟರು! ದೇಶಕ್ಕೆಲ್ಲ ಒಂದು ಕಾನೂನು ಬರಲೇ ಇಲ್ಲ. ನ್ಯೂಯಾರ್ಕ್, ಇಂಡಿಯಾನಾ, ಮಿಷಿಗನ್ ಹೀಗೆ ಒಂದೊಂದು ರಾಜ್ಯ ಒಂದೊಂದು ವರ್ಷ ನಿಷೇಧ ಮಾಡಿತು. ನದಿಗೆ ಬೆಂಕಿ ಬಿದ್ದಿದ್ದ ಒಹಾಯೋ ಇವರಿಗಿಂತ ತಡ. ಜೊತೆಗೆ ಊರೂರಿನ ಎಸ್‌ಟಿಪಿಗಳಿಗೆ ನೂರಾರು ಕೋಟಿ ಡಾಲರ್ ಸುರಿದರು. ದೊಡ್ಡ ಎಸ್‌ಟಿಪಿಯಿಂದ ಬಿಡುವ ನೀರಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಜಾಸ್ತಿ ರಂಜಕ ಇರಬಾರದು ಅಂತ ಗೆರೆ ಎಳೆದರು. 1968ರಲ್ಲಿ ಈರಿಗೆ ವರ್ಷಕ್ಕೆ ಸುಮಾರು 29 ಸಾವಿರ ಟನ್ ರಂಜಕ ಬೀಳ್ತಿತ್ತು. 1978ರ ಒಪ್ಪಂದದಲ್ಲಿ ಇಟ್ಟುಕೊಂಡ ಗುರಿ 11 ಸಾವಿರ ಟನ್. 80ರ ದಶಕದಲ್ಲಿ ಅದರ ಹತ್ತಿರ ಬಂದರು. 90ರ ದಶಕದಲ್ಲಿ ಮೇಫ್ಲೈಗಳು ವಾಪಸ್ ಬಂದವು, ಬೀದಿದೀಪದ ಕೆಳಗೆ ಮತ್ತೆ ರಾಶಿ. ಈ ಸಲ ವಿಜ್ಞಾನಿಗಳಿಗೆ ಖುಷಿ.

ಇಲ್ಲಿಗೆ ನಿಲ್ಲಿಸಿದರೆ ಸಿನಿಮಾ ಕಥೆ ಆಗುತ್ತೆ. 2014ರ ಆಗಸ್ಟ್ 2ರಂದು ಈರಿ ದಂಡೆಯ ಟೊಲೆಡೊ ನಗರದಲ್ಲಿ ಬೆಳಗಿನ ಜಾವವೇ ಎಚ್ಚರಿಕೆ ಬಂತು: ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ. ಪಾಚಿಯ ವಿಷ ನೀರಿಗೆ ಸೇರಿತ್ತು, ಕುದಿಸಿದರೆ ಇನ್ನೂ ಗಾಢವಾಗುವ ವಿಷ. ಸುಮಾರು 4 ಲಕ್ಷಕ್ಕೂ ಹೆಚ್ಚು ಜನ ಬಾಟಲಿ ನೀರಿಗೆ ಕ್ಯೂ ನಿಂತರು. ಈ ಸಲ ಕಳ್ಳ ಡಿಟರ್ಜೆಂಟ್ ಅಲ್ಲ, ಮೌಮೀ ನದಿ ಹೊತ್ತು ತರುವ ಹೊಲದ ಗೊಬ್ಬರ. ಪೈಪಿನ ಬಾಯಿಗೆ ಫಿಲ್ಟರ್ ಹಾಕಬಹುದು, ಸಾವಿರಾರು ಹೊಲಕ್ಕೆ ಏನು ಹಾಕ್ತೀರಿ? ಮತ್ತೆ ಜಂಟಿ ಲೆಕ್ಕ ನಡೆದು, 2008ಕ್ಕೆ ಹೋಲಿಸಿದರೆ ಶೇ. 40ರಷ್ಟು ರಂಜಕ ಕಡಿಮೆ ಮಾಡ್ತೀವಿ ಅಂತ 2016ರಲ್ಲಿ ಎರಡೂ ದೇಶ ಒಪ್ಪಿದವು. ಇನ್ನೊಂದು ತಮಾಷೆ ಕೇಳಿ: ಇಷ್ಟೆಲ್ಲ ಹೇಳಿಕೊಟ್ಟ ಆ ಕಾಡಿನ ಸರೋವರಗಳ ಪ್ರಯೋಗಾಲಯಕ್ಕೆ ಕೆನಡಾ ಕೇಂದ್ರ ಸರ್ಕಾರ 2012ರಲ್ಲಿ ದುಡ್ಡು ಕೊಡಲ್ಲ ಅಂದಿತು. ವಿಜ್ಞಾನಿಗಳು ಬೀದಿಗಿಳಿದರು. 2014ರಲ್ಲಿ ಒಂಟಾರಿಯೋ ಪ್ರಾಂತ್ಯದ ನೆರವಿನಿಂದ ಒಂದು ಸಂಸ್ಥೆ ಅದನ್ನು ವಹಿಸಿಕೊಂಡಿದ್ದರಿಂದ ಉಳಿಯಿತು.

ನಮ್ಮಲ್ಲಿ ಇಂಥ ಪ್ರಯತ್ನವೇ ಇಲ್ಲ ಅಂತಲ್ಲ. 2003ರಲ್ಲಿ ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಸಂಶೋಧಕರು ಮುಂದೆ ನಿಂತು ಎರಡೂ ರಾಜ್ಯದ ರೈತರನ್ನು ಕೂರಿಸಿ 'ಕಾವೇರಿ ಕುಟುಂಬ' ಕಟ್ಟಿದ್ದರು. ಮಂಡ್ಯದವರು ತಂಜಾವೂರಿಗೆ ಹೋದರು, ಅವರು ಇಲ್ಲಿಗೆ ಬಂದರು. ಅವರ ಕೈಯಲ್ಲಿ ಜಾಯಿಂಟ್ ಕಮಿಷನ್‌ಗೆ ಇದ್ದಂಥ ಅಧಿಕಾರದ ಕಾಗದ ಇರಲಿಲ್ಲ.

ಈಗ ಬೆಳ್ಳಂದೂರಿಗೆ ಬನ್ನಿ. ಅಲ್ಲಿನ ನೊರೆ, ಫಾಸ್ಫೇಟ್, ಕೊಳಚೆ ಬಗ್ಗೆ ನಮ್ಮ ಐಐಎಸ್‌ಸಿ ಸಂಶೋಧಕರು ವರ್ಷಗಳಿಂದ ಹೇಳ್ತಾನೇ ಇದ್ದಾರೆ. ಬೆಳ್ಳಂದೂರಿನ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ಗಡಿ ದಾಟಿ ಹೊಸೂರಿನ ಕೆಳವರಪಳ್ಳಿ ಅಣೆಕಟ್ಟೆಗೆ. ಅಲ್ಲೂ ನೊರೆ ಏಳುತ್ತೆ, ತಮಿಳು ಚಾನೆಲ್‌ಗಳೂ ತೋರಿಸುತ್ತವೆ. ಇದೇ ಪಿನಾಕಿನಿ ಕೊಳ್ಳದಲ್ಲಿ ನಾವು ಮಾರ್ಕಂಡೇಯ ಹೊಳೆಗೆ ಕಟ್ಟೆ ಕಟ್ಟಿದೆವು ಅಂತ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ವಕೀಲರು, ಅವರ ವಕೀಲರು, ಎಷ್ಟು ನೀರು ಯಾರಿಗೆ ಅಂತ ನಮ್ಮ ಅಂಕಿ, ಅವರ ಅಂಕಿ. ಹೊಸೂರಿನ ರೈತ ಮಾತ್ರ ನಮ್ಮ ಬಾತ್‌ರೂಮಿನಿಂದ ಹೊರಟ ನೊರೆ ನೀರನ್ನೇ ತೋಟಕ್ಕೆ ಹಾಯಿಸ್ತಿದ್ದಾನೆ, ಅವನು ಬೆಳೆದ ತರಕಾರಿ ಬೆಳಗ್ಗೆ ಲಾರಿಯಲ್ಲಿ ಬೆಂಗಳೂರಿಗೇ ಬರುತ್ತೆ.