ಪಗಡೆಯ ಹಾಸು ಮತ್ತು ಗೆಳೆಯರ ಗೋಷ್ಠಿ

ಯುಗಾದಿಯ ಹಬ್ಬದೂಟ ಮುಗಿದು ಬಿಸಿಲು ಇಳಿಮುಖವಾಗುವ ಹೊತ್ತಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಅರಳಿಕಟ್ಟೆಯ ಮೇಲೋ ಗುಡಿಯ ಜಗಲಿಯ ಮೇಲೋ ಪಗಡೆಯ ಹಾಸನ್ನು ಬಿಚ್ಚುವುದು ಬಹುಕಾಲದಿಂದ ನಡೆದುಬಂದ ವಾಡಿಕೆ. ಆಡುವವರು ನಾಲ್ವರಾದರೆ ನೋಡುವವರು ನಾಲ್ವತ್ತು ಮಂದಿ. ನೆರೆಯೂರಿನ ಗೆಳೆಯರು ಜೋಡಿ ಕಟ್ಟಿಕೊಂಡು ಬರುವುದೂ, ಗರ ಬಿದ್ದಾಗ ಊರೇ ಕೇಳುವಂತೆ ಕೂಗುವುದೂ ಉಂಟು. ಈಚೆಗೆ ಈ ಕೂಟಗಳಿಗೆ ಪಂದ್ಯಾವಳಿಯೆಂಬ ಹೊಸ ಹೆಸರು ಬಂದಿದೆ. ಗೆದ್ದ ತಂಡಕ್ಕೆ ಬಹುಮಾನವೂ ದೊರೆಯುತ್ತದೆ. ಇದನ್ನು ಸೋಮಾರಿಗಳ ಕಾಲಹರಣವೆಂದು ಹಳಿಯುವವರಿದ್ದಾರೆ. ಜೂಜಿನ ಮೊದಲ ಮೆಟ್ಟಿಲೆಂದು ಅಂಜುವವರೂ ಇದ್ದಾರೆ. ಎರಡು ಆಕ್ಷೇಪಗಳೂ ಹೊಸವಲ್ಲ. ಇವುಗಳ ಬಲಾಬಲವನ್ನು ತಿಳಿಯಬೇಕಾದರೆ ಮಣೆಯಾಟಗಳ ಪೂರ್ವಚರಿತ್ರೆಯನ್ನು ಸ್ವಲ್ಪ ಪರಾಮರ್ಶಿಸುವುದು ಅವಶ್ಯಕ.

ಪಗಡೆಯ ಹಾಸಿಗೆ ನಾಲ್ಕು ತೋಳುಗಳು. ಒಂದೊಂದು ತೋಳಿನಲ್ಲಿ ಎಂಟೆಂಟು ಮನೆಗಳ ಮೂರು ಸಾಲುಗಳಂತೆ ಒಟ್ಟು 96 ಮನೆಗಳು. ನಾಲ್ಕು ಬಣ್ಣದ ಕಾಯಿಗಳು ಹದಿನಾರು. ಎದುರುಬದುರು ಕುಳಿತ ಇಬ್ಬರು ಒಂದು ಪಕ್ಷ. ಗರ ಬೀಳುವುದು ದೈವದ ಕೈಯಲ್ಲಿದ್ದರೂ, ಬಿದ್ದ ಗರವನ್ನು ಯಾವ ಕಾಯಿಗೆ ನಡೆಸಬೇಕು, ಎದುರಾಳಿಯ ಕಾಯಿಯನ್ನು ಹೊಡೆಯಬೇಕೋ ಗೆಳೆಯನ ಕಾಯಿಗೆ ಬೆಂಬಲವಾಗಿ ನಿಲ್ಲಬೇಕೋ ಎಂಬುದು ಆಟಗಾರನ ವಿವೇಕಕ್ಕೆ ಬಿಟ್ಟದ್ದು. ಸುತ್ತು ಮುಗಿಸಿ ನಡುಮನೆಯನ್ನು ಸೇರಿದ ಕಾಯಿಯನ್ನು ಕನ್ನಡಿಗರು ‘ಹಣ್ಣಾಯಿತು’ ಎನ್ನುತ್ತಾರೆ. ಗೆಲುವನ್ನು ಕೊಲ್ಲುವುದೆಂದು ಎಣಿಸದೆ ಮಾಗುವುದೆಂದು ಕಂಡ ಈ ಮಾತಿನಲ್ಲಿ ಒಕ್ಕಲುತನದ ಅನುಭವವು ಅಡಗಿದೆ.

ಜೂಜಿನ ದೋಷವನ್ನು ನಮ್ಮ ಹಿರಿಯರು ಮರೆಮಾಚಿದವರಲ್ಲ. ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತದಲ್ಲಿ ಮನೆಮಠಗಳನ್ನು ಕಳೆದುಕೊಂಡ ಜೂಜುಗಾರನ ಅಳಲೇ ವಸ್ತು. ಧರ್ಮರಾಯನು ದ್ಯೂತದಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಪತ್ನಿಯನ್ನೂ ಪಣವಾಗಿ ಸೋತ ಕಥೆಯು ಈ ಸೀಮೆಯಲ್ಲಿ ಭಾರತವಾಚನವನ್ನು ಕೇಳಿದ ಮಕ್ಕಳಿಗೂ ತಿಳಿದದ್ದೇ. ಆದರೆ ಮದ್ದೇನೆಂಬಲ್ಲಿ ಶಾಸ್ತ್ರಕಾರರಲ್ಲಿ ಐಕಮತ್ಯವಿಲ್ಲ. ದ್ಯೂತವನ್ನು ರಾಜನು ತನ್ನ ರಾಷ್ಟ್ರದಿಂದ ತೊಲಗಿಸಬೇಕೆಂದು ಮನುಸ್ಮೃತಿಯು ವಿಧಿಸುತ್ತದೆ. ಕೌಟಿಲ್ಯನಾದರೋ ಅದನ್ನು ಒಂದು ನಿಯತ ಸ್ಥಳದಲ್ಲಿ ದ್ಯೂತಾಧ್ಯಕ್ಷನ ಕಣ್ಣಮುಂದೆ ನಡೆಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದರಂತೆ ಪಡೆಯಬೇಕೆನ್ನುತ್ತಾನೆ. ಒಬ್ಬನು ನಿಷೇಧಿಸಿದನು, ಮತ್ತೊಬ್ಬನು ನಿಯಮಿಸಿದನು. ಇಬ್ಬರ ದೃಷ್ಟಿಯೂ ನೆಟ್ಟಿದ್ದುದು ಪಣದ ಮೇಲೆಯೇ ಎಂಬುದನ್ನು ಗಮನಿಸತಕ್ಕದ್ದು.

ಪಣವಿಲ್ಲದ ಆಟಕ್ಕೆ ಬೇರೆಯೇ ಒಂದು ಪರಂಪರೆಯುಂಟು. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತೆಯಲ್ಲಿ ಅಷ್ಟಾಪದದ ಮೇಲಿನ ಚತುರಂಗವು ಶ್ಲೇಷೆಯ ಮೂಲಕ ಉಲ್ಲೇಖಗೊಂಡಿದೆ. ಈ ಚತುರಂಗವೇ ಪಾರಸಿಕರಲ್ಲಿ ಶತ್ರಂಜವಾಗಿ, ಅರಬರ ಕೈಯಿಂದ ಯೂರೋಪನ್ನು ಸೇರಿತೆಂಬುದನ್ನು 1913ರಲ್ಲಿ ಪ್ರಕಟವಾದ ತನ್ನ ಬೃಹದ್ಗ್ರಂಥದಲ್ಲಿ ಆಂಗ್ಲ ವಿದ್ವಾಂಸ ಮರ್ರೆಯು ವಿಸ್ತಾರವಾಗಿ ಪ್ರತಿಪಾದಿಸಿದ್ದಾನೆ. ಕನ್ನಡನಾಡನ್ನಾಳಿದ ಕಲ್ಯಾಣಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚತುರಂಗ, ಪಗಡೆ, ಕವಡೆಯಾಟಗಳು ಅರಸನ ವಿನೋದಗಳ ಸಾಲಿನಲ್ಲಿ ಸೇರಿವೆ. ಆಟವು ರಾಜ್ಯಭಾರಕ್ಕೆ ವಿರೋಧಿಯೆಂದು ಆ ದೊರೆಗೆ ತೋರಿರಲಿಲ್ಲ.

ಮಳವಳ್ಳಿ ಸೀಮೆಯ ಎದುರಿಗೆ, ಕಾವೇರಿಯ ಆಚೆಯ ದಡದಲ್ಲಿ, ಕೊಳ್ಳೇಗಾಲ ತಾಲ್ಲೂಕಿನ ಸತ್ಯಗಾಲವಿದೆ. ಹದಿನಾಲ್ಕನೆಯ ಶತಮಾನದಲ್ಲಿ ಶ್ರೀರಂಗಕ್ಷೇತ್ರವು ತುರುಕರ ದಾಳಿಗೆ ತುತ್ತಾದಾಗ ವೇದಾಂತದೇಶಿಕರು ಈ ಗ್ರಾಮದಲ್ಲಿ ಆಶ್ರಯ ಪಡೆದಿದ್ದರೆಂಬುದು ಶ್ರೀವೈಷ್ಣವ ಸಂಪ್ರದಾಯದ ಮಾತು. 1008 ಶ್ಲೋಕಗಳ ಅವರ ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ‘ಚತುರಂಗ ತುರಂಗ ಪದಬಂಧ’ವೆಂಬ ಚಮತ್ಕಾರವಿದೆ. ಒಂದು ಶ್ಲೋಕದ 32 ಅಕ್ಷರಗಳನ್ನು ಎಂಟೆಂಟರಂತೆ ನಾಲ್ಕು ಸಾಲುಗಳಲ್ಲಿ ಬರೆದು, ಚತುರಂಗದ ಕುದುರೆಯನ್ನು ಮೊದಲ ಮನೆಯಿಂದ ಹೊರಡಿಸಿ, ಒಂದೊಂದು ಮನೆಯನ್ನೂ ಒಂದೊಂದೇ ಸಲ ಮುಟ್ಟುವಂತೆ ನಡೆಸಿದರೆ, ಅದು ಮುಟ್ಟಿದ ಅಕ್ಷರಗಳೇ ಕ್ರಮವಾಗಿ ಮತ್ತೊಂದು ಶ್ಲೋಕವಾಗುತ್ತವೆ. ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನಲ್ಲಿಯೇ ಈ ಬಂಧದ ಪೂರ್ವರೂಪವು ದೊರೆಯುತ್ತದೆ. ವಿರಕ್ತಿಯನ್ನು ಬೋಧಿಸಿದ ಆಚಾರ್ಯರೊಬ್ಬರು ಭಗವತ್ಪಾದುಕೆಯ ಸ್ತುತಿಗೆ ಮಣೆಯಾಟದ ಕುದುರೆಯನ್ನು ಹೂಡಿದರೆಂದ ಮೇಲೆ, ಆ ಆಟವನ್ನು ಹೀನವೆನ್ನಲು ಯಾರಿಗೆ ನಾಲಗೆ ಬಂದೀತು?

ಆದರೆ ಮೈಸೂರು ಸೀಮೆಯಲ್ಲಿ ಮಣೆಯಾಟಗಳಿಗೆ ಪರಮಾಶ್ರಯವಿತ್ತವರು ಮುಮ್ಮಡಿ ಕೃಷ್ಣರಾಜ ಒಡೆಯರವರು. 1794ರಲ್ಲಿ ಜನಿಸಿದ ಇವರು 1799ರಲ್ಲಿ, ಶ್ರೀರಂಗಪಟ್ಟಣವು ಬಿದ್ದ ವರ್ಷವೇ, ಐದರ ಎಳೆಯ ವಯಸ್ಸಿನಲ್ಲಿ ಪಟ್ಟವೇರಿದರು. 1831ರಲ್ಲಿ ಆಂಗ್ಲ ಸರ್ಕಾರವು ಆಡಳಿತವನ್ನು ಇವರ ಕೈಯಿಂದ ತೆಗೆದುಕೊಂಡಿತು. ಅಂದು ಇವರ ವಯಸ್ಸು ಮೂವತ್ತೇಳು. ಬಿರುದುಂಟು, ಬಲವಿಲ್ಲ, ಸಿಂಹಾಸನವುಂಟು, ಶಾಸನವಿಲ್ಲ ಎಂಬ ಈ ಸ್ಥಿತಿಯಲ್ಲಿ ಅವರು ಮತ್ತೂ ಮೂವತ್ತೇಳು ವರ್ಷಗಳನ್ನು, 1868ರವರೆಗೆ, ಕಳೆದರು. ರಾಜ್ಯವನ್ನು ಹಿಂದಕ್ಕೆ ಕೊಡಬೇಕೆಂದು ಮೊರೆಯಿಡುತ್ತಲೇ, ವಿದ್ವಾಂಸರನ್ನೂ ಚಿತ್ರಕಾರರನ್ನೂ ಕೂಡಿಸಿಕೊಂಡು ಶ್ರೀತತ್ತ್ವನಿಧಿಯನ್ನು ಸಿದ್ಧಪಡಿಸಿದರು. ಅದರ ಒಂಬತ್ತು ನಿಧಿಗಳಲ್ಲಿ ಕಡೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಕುದುರೆಯ ನಡೆಯಿಂದ ಮನೆಗಳನ್ನೆಲ್ಲ ಸುತ್ತಿಬರುವ ಬಂಧಗಳನ್ನು ಅವರು ಸ್ವತಃ ರಚಿಸಿದರು; ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟಗಳನ್ನು ಹೂಡಿದರು. 1861ರಲ್ಲಿ ನಿರ್ಮಿತವಾದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆಯೂ ಆಟದ ಮನೆಗಳನ್ನು ಚಿತ್ರಿಸಲಾಗಿದೆ. ಆಳಲು ರಾಜ್ಯವಿಲ್ಲದೆ ಮಣೆಯನ್ನು ಹಿಡಿದರೆಂದು ಇದನ್ನು ಕನಿಕರದಿಂದ ಹೇಳುವವರುಂಟು. ಧರ್ಮರಾಯನು ಆಟದಿಂದ ರಾಜ್ಯವನ್ನು ಕಳೆದುಕೊಂಡನು. ಮುಮ್ಮಡಿಯವರು ರಾಜ್ಯವನ್ನು ಕಳೆದುಕೊಂಡ ಮೇಲೆ ಆಟದಲ್ಲಿ ಬುದ್ಧಿಯನ್ನು ಕಾಪಾಡಿಕೊಂಡರು. ಈ ಭೇದವು ಸಣ್ಣದಲ್ಲ. ಅವರು ಬೇಡಿದ ರಾಜ್ಯವು 1881ರಲ್ಲಿ ಅವರ ದತ್ತುಪುತ್ರರ ಕೈಸೇರಿತು; ಆ ಕಾಯಿ ಹಣ್ಣಾಗಲು ಐವತ್ತು ವರ್ಷ ಹಿಡಿಯಿತು.

ಅರಮನೆಯ ಆಟಕ್ಕೂ ಅರಳಿಕಟ್ಟೆಯ ಆಟಕ್ಕೂ ಮೂಲವು ಒಂದೇ ಆದರೂ, ಹಳ್ಳಿಯ ಆಟವು ಮಳೆಬೆಳೆಗಳ ಲೆಕ್ಕಕ್ಕೆ ಒಳಪಟ್ಟಿದ್ದಿತು. ರಾಗಿಯ ಕೊಯ್ಲು, ಒಕ್ಕಣೆಗಳು ಮುಗಿದು ಮುಂಗಾರು ಬೀಳುವವರೆಗಿನ ತಿಂಗಳುಗಳು ರೈತನಿಗೆ ವಿರಾಮಕಾಲ. ಶಿವರಾತ್ರಿಯ ಜಾಗರಣೆಯೂ ಯುಗಾದಿಯೂ ಬರುವುದು ಈ ಅವಧಿಯಲ್ಲಿಯೇ. ಕನ್ನಂಬಾಡಿಯ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು 1930ರ ದಶಕದಲ್ಲಿ ಈ ಮೂರು ತಾಲ್ಲೂಕುಗಳ ಬಯಲನ್ನು ಮುಟ್ಟಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಮಂಡ್ಯದಲ್ಲಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯೂ ಆಯಿತು. ಬತ್ತ ಕಬ್ಬುಗಳು ಬಂದವು, ಐಶ್ವರ್ಯ ಬಂದಿತು. ಅದರೊಡನೆ ವರ್ಷವಿಡೀ ದುಡಿಮೆಯೂ ಬಂದಿತು. ಹಳೆಯ ವಿರಾಮವು ಕುಗ್ಗಿ ಹಬ್ಬದ ದಿನಗಳಿಗೆ ಸೀಮಿತವಾಯಿತು. ಕೈಯಲ್ಲಿ ಕಾಸು ಹೆಚ್ಚಿದಲ್ಲಿ ಇಸ್ಪೀಟಿನ ಪಣವೂ ಹೆಚ್ಚಿತೆಂಬುದನ್ನು ಬಲ್ಲವರು ಅಲ್ಲಗಳೆಯಲಾರರು. ಯುಗಾದಿಯಂದು ಪಣವಿಟ್ಟು ಸೋತವನ ಮನೆಯಲ್ಲಿ ಹಬ್ಬದ ಬೆಲ್ಲವೂ ಬೇವಾದದ್ದುಂಟು.

ಹೆಂಗಸರ ಆಟಗಳು ಮಾತ್ರ ಈ ಕಳಂಕದಿಂದ ದೂರವಾಗಿಯೇ ಉಳಿದುವು. ಹದಿನಾಲ್ಕು ಗುಳಿಗಳ ಅಳಿಗುಳಿಮಣೆಗೆ ಹುಣಿಸೆಬೀಜವೇ ಬಂಡವಾಳ. ಚೌಕಾಬಾರಕ್ಕೆ ನಡುಮನೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೀಚಿದ ಇಪ್ಪತ್ತೈದು ಮನೆಗಳೂ ನಾಲ್ಕು ಕವಡೆಗಳೂ ಸಾಕು. ಅಜ್ಜಿಯ ಮಡಿಲಿನ ಬಳಿ ಕುಳಿತು ಕಾಯಿ ನಡೆಸಿದ ಮಗುವು ಮಗ್ಗಿಗೆ ಮೊದಲೇ ಎಣಿಕೆಯನ್ನು ಕಲಿಯುತ್ತಿದ್ದಿತು. ಸೋತಾಗ ಅಳದಿರುವುದನ್ನೂ ಕಲಿಯುತ್ತಿದ್ದಿತು.

ಹಂಪೆಯ ಮಂಟಪಗಳ ನೆಲಗಲ್ಲುಗಳ ಮೇಲೆ ಇಂದಿಗೂ ಇಂತಹ ಆಟದ ಮನೆಗಳು ಕೊರೆದಂತೆ ಉಳಿದಿವೆ. ಆಡಿದವರ ಹೆಸರಿಲ್ಲ, ಗೆದ್ದವರ ಗುರುತಿಲ್ಲ. ಗೆಳೆಯರು ಕೂಡಿದ್ದರೆಂಬುದಕ್ಕೆ ಕಲ್ಲೇ ಸಾಕ್ಷಿ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಜಗಲಿಗಳಿಗೆ ನುಣುಪುಗಲ್ಲನ್ನು ಹಾಸುವ ಊರಿನವರು, ಹಾಸುವ ಮುನ್ನ ಕೆಳಗಿನ ಗೆರೆಗಳನ್ನು ಒಮ್ಮೆ ನೋಡಬೇಕು. ಮೈಸೂರಿನ ರಾಮ್‌ಸನ್ಸ್ ಕಲಾಪ್ರತಿಷ್ಠಾನವು ‘ಕ್ರೀಡಾಕೌಶಲ್ಯ’ವೆಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಗಳನ್ನು ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿರುವುದು ಸ್ತುತ್ಯವಾದ ಕಾರ್ಯ. ಆದರೆ ಮಣೆಯನ್ನು ಕೊಂಡು ಗೋಡೆಗೆ ತಗುಲಿಸಿದರೆ ಆಟವು ಉಳಿಯಲಾರದು. ಪಣವನ್ನು ಹೊರಗಿಟ್ಟು, ಹಾಸನ್ನು ನಡುಮನೆಯಲ್ಲಿ ಬಿಚ್ಚಿ, ಎದುರಿಗೆ ನೆರೆಯವನನ್ನು ಕರೆದು ಕೂರಿಸಿಕೊಳ್ಳುವ ಮನೆಗಳು ಊರಿಗೆ ನಾಲ್ಕಾದರೂ ಇರುವವರೆಗೆ, ಮನುವಿನ ಭಯಕ್ಕೆ ಎಡೆಯಿರದು, ಕೌಟಿಲ್ಯನ ಅಧ್ಯಕ್ಷನಿಗೆ ಕೆಲಸವೂ ಇರದು.